ಎರಡು ಅಡಿ ಹವಳದ ಟ್ಯಾಂಕಿಗೆ ಎಂಥ ಸ್ಕಿಮ್ಮರ್ ಸಾಕು?

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಸ್ತುವಿನ ಸುತ್ತ ಇವೆ: ಉಪ್ಪುನೀರಿನ ಟ್ಯಾಂಕಿಗೆ ಹಾಕುವ, ನೀರಿನ ಕೊಳೆಯನ್ನು ನೊರೆ ಮಾಡಿ ತೆಗೆಯುವ ಪ್ರೋಟೀನ್ ಸ್ಕಿಮ್ಮರ್. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ ಮೀಸಲು. ಮಂಡ್ಯದಿಂದ ಬಂದ ಪತ್ರದಲ್ಲಿ ಅಳತೆ, ಲೆಕ್ಕ, ಬೆಲೆ ಎಲ್ಲ ಇದೆ. ಅಷ್ಟು ವಿವರವಾಗಿ ಬರೆದವರಿಗೆ ನಾನೂ ಅಷ್ಟೇ ವಿವರವಾಗಿ ಉತ್ತರಿಸಬೇಕು.

ಪ್ರಶ್ನೆ: ಮೇಡಂ, ನಮಸ್ಕಾರ. ನನ್ನ ಟ್ಯಾಂಕ್ 24 ಇಂಚು ಉದ್ದ, 12 ಇಂಚು ಅಗಲ, 15 ಇಂಚು ಎತ್ತರ ಇದೆ. ಉಪ್ಪುನೀರು ತುಂಬಿ ನಾಲ್ಕು ತಿಂಗಳಾಯಿತು. ಒಂದು ಜೋಡಿ ಕ್ಲೌನ್ ಮೀನು, ಒಂದು ಸೀಗಡಿ, ಎರಡು ಗೊಂಚಲು ಜೊವಾಂಥಸ್ ಹವಳ, ಮೂರು ಮಶ್ರೂಮ್ ಹವಳ ಇವೆ. ಕೆಳಗೆ ಸಂಪ್ (ಫಿಲ್ಟರ್ ಸಾಮಾನು ಇಡುವ ಎರಡನೇ ಟ್ಯಾಂಕ್) ಇಲ್ಲ, ಹಿಂದೆ ನೇತುಹಾಕುವ ಫಿಲ್ಟರ್ ಅಷ್ಟೇ. ನೀರಿನ ಮೇಲೆ ಎಣ್ಣೆಯಂಥ ಪದರ ಕಟ್ಟುತ್ತದೆ. ಮರಳಿನ ಮೇಲೆ ಕಂದು ಪಾಚಿ ಹೋಗುತ್ತಲೇ ಇಲ್ಲ. ನೈಟ್ರೇಟ್ 20 ತೋರಿಸುತ್ತದೆ. ನೀರು ನಮ್ಮ ಮನೆಯ ಕುಡಿಯುವ ಆರ್‌ಓದ್ದು. ಬೆಂಗಳೂರಿನ ಅಂಗಡಿಯಲ್ಲಿ ಎರಡು ಸ್ಕಿಮ್ಮರ್ ತೋರಿಸಿದರು. ಒಂದು 4,500 ರೂಪಾಯಿ, ‘100 ಲೀಟರ್‌ವರೆಗೆ’. ಇನ್ನೊಂದು 9,000, ‘300 ಲೀಟರ್‌ವರೆಗೆ’. ದೊಡ್ಡದನ್ನೇ ತಗೋ ಎಂದು ಗೆಳೆಯ ಹೇಳುತ್ತಾನೆ. ನನ್ನ ಕೈಯಲ್ಲಿರುವುದು 6,000. ಸಾಲ ಮಾಡಿ ದೊಡ್ಡದು ತರಲೇ? ಇಲ್ಲ ಸ್ಕಿಮ್ಮರೇ ಬೇಡವೇ?

ಉತ್ತರ: ಸಾಲ ಖಂಡಿತ ಬೇಡ. 9,000 ರೂಪಾಯಿಯದ್ದನ್ನು ಯಾರಾದರೂ ಸುಮ್ನೆ ಕೊಟ್ಟರೂ ನಿಮ್ಮ ಟ್ಯಾಂಕಿಗೆ ಹಾಕಬೇಡಿ ಎನ್ನುತ್ತೇನೆ. ಯಾಕೆ ಅಂತ ಹೇಳುವ ಮೊದಲು ಈ ಯಂತ್ರ ಏನು ಮಾಡುತ್ತದೆ ನೋಡೋಣ. ಅದು ತಿಳಿದರೆ ಅಂಗಡಿಯವರ ಮಾತನ್ನು ನೀವೇ ತೂಗಿ ನೋಡಬಹುದು.

ನೀವು ಮಂಡ್ಯದವರು, ಆಲೆಮನೆ ನೋಡಿಯೇ ಇರುತ್ತೀರಿ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯುವಾಗ ಬೆಂಡೆಗಿಡದ ಲೋಳೆ ಹಾಕುತ್ತಾರೆ. ಕೊಳೆಯೆಲ್ಲ ನೊರೆಯ ಜೊತೆ ಮೇಲೆ ಬರುತ್ತದೆ. ಅದನ್ನು ಜಾಲರಿಯಲ್ಲಿ ಎತ್ತಿ ಹೊರಗೆ ಹಾಕುತ್ತಾರೆ. ಮನೆಯಲ್ಲಿ ತೊಗರಿಬೇಳೆ ಕುದಿಯುವಾಗ ಸೌಟಿನಲ್ಲಿ ನೊರೆ ತೆಗೆಯುವುದೂ ಹಾಗೆಯೇ. ನಮ್ಮ ಮಂಗಳೂರಿನಲ್ಲಿ ಇದನ್ನು ಕಡಲೇ ಮಾಡಿ ತೋರಿಸುತ್ತದೆ. ಮಳೆಗಾಲದಲ್ಲಿ ಪಣಂಬೂರಿಗೆ ಹೋದರೆ, ಅಲೆ ಹಿಂದೆ ಸರಿದ ಮೇಲೆ ಮರಳಿನ ಮೇಲೆ ಕಂದು ನೊರೆ ನಡುಗುತ್ತ ನಿಂತಿರುತ್ತದೆ. ಬೆರಳಲ್ಲಿ ಎತ್ತಿದರೆ ಸ್ವಲ್ಪ ಜಿಡ್ಡು. ಅದು ಕಡಲ ಪಾಚಿ, ಸತ್ತ ಜೀವಿಗಳಿಂದ ನೀರಿಗೆ ಸೇರಿದ ಸಾವಯವ ಪದಾರ್ಥ. ಅಲೆ ಒಡೆದು ಗಾಳಿ ಬೆರೆತಾಗ ನೊರೆಗೆ ಅಂಟಿಕೊಂಡು ದಡಕ್ಕೆ ಬರುತ್ತದೆ.

ಸ್ಕಿಮ್ಮರ್ ಮಾಡುವುದೂ ಅಷ್ಟೇ. ಮೀನಿನ ಲೋಳೆ, ಹಿಕ್ಕೆ, ಉಳಿದ ಆಹಾರ ಇವುಗಳಿಂದ ನೀರಿಗೆ ಬಿಡುವ ಎಷ್ಟೋ ಅಣುಗಳಿಗೆ ಎರಡು ಸ್ವಭಾವ ಇರುತ್ತದೆ. ಒಂದು ತುದಿಗೆ ನೀರು ಇಷ್ಟ, ಇನ್ನೊಂದು ತುದಿಗೆ ನೀರು ಆಗುವುದಿಲ್ಲ. ಗಾಳಿಯ ಗುಳ್ಳೆ ಸಿಕ್ಕರೆ ಆ ಎರಡನೇ ತುದಿ ಅದರ ಮೈಗೆ ಅಂಟಿಕೊಳ್ಳುತ್ತದೆ. ಗುಳ್ಳೆ ಕೊಳವೆಯಲ್ಲಿ ಮೇಲೇರುತ್ತದೆ, ನೊರೆಯಾಗುತ್ತದೆ, ಕೊಳವೆಯ ಕತ್ತು ದಾಟಿ ಮೇಲೆ ಕೂರಿಸಿದ ಕಪ್‌ಗೆ ಬೀಳುತ್ತದೆ. ಗುಳ್ಳೆ ಸಣ್ಣದಾದಷ್ಟೂ, ನೀರಿನ ಜೊತೆ ಜಾಸ್ತಿ ಹೊತ್ತು ಇದ್ದಷ್ಟೂ ಕೆಲಸ ಚೆನ್ನಾಗಿ ಆಗುತ್ತದೆ.

ಇಲ್ಲಿ ಒಂದು ಮಾತು ಗಮನಿಸಿ. ಸ್ಕಿಮ್ಮರ್ ತೆಗೆಯುವುದು ಕೊಳೆಯುವ ಮುಂಚಿನ ಪದಾರ್ಥವನ್ನು. ಆಗಲೇ ಕೊಳೆತು ನೈಟ್ರೇಟ್ ಆಗಿರುವುದನ್ನು ಅದು ತೆಗೆಯುವುದಿಲ್ಲ. ನಿಮ್ಮ 20ನ್ನು ಇಳಿಸುವ ಕೆಲಸ ಅದರದ್ದಲ್ಲ, ನೀರು ಬದಲಿಸುವುದರದ್ದು.

ಕಂದು ಪಾಚಿಗೂ ಅದು ಮದ್ದಲ್ಲ. ನಾಲ್ಕು ತಿಂಗಳ ಟ್ಯಾಂಕಿನ ಮರಳಿನ ಮೇಲೆ ಪುಡಿಯಂತೆ ಕೂರುವ ಕಂದು ಪದರ ಹೆಚ್ಚಾಗಿ ಡಯಾಟಮ್ ಅನ್ನುವ ಸೂಕ್ಷ್ಮ ಪಾಚಿ. ಅದಕ್ಕೆ ಸಿಲಿಕೇಟ್ ಬೇಕು. ಸಿಲಿಕೇಟ್ ಹೆಚ್ಚಾಗಿ ಬರುವುದು ನೀರಿನಿಂದ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ‘ಮನೆಯ ಕುಡಿಯುವ ಆರ್‌ಓ’ ಅನ್ನುವ ಮಾತು. ನಮ್ಮಲ್ಲಿ ಮಾರುವ ಎಷ್ಟೋ ಮನೆ ಆರ್‌ಓಗಳಲ್ಲಿ ರುಚಿಗೆಂದು, ಶುದ್ಧ ಮಾಡುವ ಪೊರೆ (ಮೆಂಬ್ರೇನ್) ದಾಟದ ಒಂದಿಷ್ಟು ನೀರನ್ನು ಮತ್ತೆ ಬೆರೆಸುವ ತಿರುಪು ಇರುತ್ತದೆ. ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) ಕಂಟ್ರೋಲರ್ ಅಂತಾರೆ. ಕೆಲವದರಲ್ಲಿ ಖನಿಜ ಸೇರಿಸುವ ಕ್ಯಾಂಡಲ್ ಕೂಡ ಇರುತ್ತದೆ. ಕುಡಿಯುವವರಿಗೆ ಅದು ಒಳ್ಳೆಯದೇ. ಹವಳಕ್ಕೆ ಅಲ್ಲ. ಕೆಲವು ನೂರು ರೂಪಾಯಿಗೆ ಟಿಡಿಎಸ್ ಮೀಟರ್ ಸಿಗುತ್ತದೆ, ತಂದು ನಲ್ಲಿಗೆ ಹಿಡಿಯಿರಿ. 60, 80 ಅಂತ ತೋರಿಸಿದರೆ ನಿಮ್ಮ ಪಾಚಿಯ ಊಟ ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಯಿತು. ಸರ್ವೀಸ್ ಹುಡುಗನಿಗೆ ಹೇಳಿ, ಮೆಂಬ್ರೇನ್ ಆದ ತಕ್ಷಣ, ಆ ಬೆರಕೆ ಆಗುವ ಮುಂಚೆಯೇ, ಒಂದು ಟಿ ಜಾಯಿಂಟ್ ಹಾಕಿಸಿ ನೀರು ತೆಗೆದುಕೊಳ್ಳಿ. ಅದರ ಮುಂದೆ ಉಳಿದ ಲವಣ ಹಿಡಿದುಕೊಳ್ಳುವ ಒಂದು ಸಣ್ಣ ಡಿಐ ರೆಸಿನ್ ಡಬ್ಬಿ ಕೂರಿಸಿದರೆ ಮೀಟರ್ ಸೊನ್ನೆ ತೋರಿಸುತ್ತದೆ. ನಿಮ್ಮ ಆರು ಸಾವಿರದಲ್ಲಿ ಮೊದಲು ಹೋಗಬೇಕಾದ ದುಡ್ಡು ಇದು. ಸ್ಕಿಮ್ಮರಿನ ಪತ್ರಕ್ಕೆ ಆರ್‌ಓ ಕಥೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ತಪ್ಪು ಕಾಯಿಲೆಗೆ ದುಬಾರಿ ಔಷಧ ಕೊಳ್ಳುವವರನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಇನ್ನು ನಿಮ್ಮ ಟ್ಯಾಂಕಿನ ಲೆಕ್ಕ. ಗಾಜಿನ ಅಳತೆ ಪ್ರಕಾರ 70 ಲೀಟರ್. ಕಲ್ಲು, ಮರಳು, ಮೇಲೆ ಬಿಟ್ಟ ಜಾಗ ಕಳೆದರೆ ನೀರು 55 ಲೀಟರ್ ಇರಬಹುದು. ವಾರಕ್ಕೆ 6 ಲೀಟರ್ ಬದಲಿಸಿ. ಲೀಟರಿಗೆ ಸುಮಾರು 36 ಗ್ರಾಂ ಸಮುದ್ರ ಉಪ್ಪಿನ ಮಿಶ್ರಣ ಅಂದರೂ ವಾರಕ್ಕೆ 216 ಗ್ರಾಂ, ವರ್ಷಕ್ಕೆ 11 ಕೆಜಿ ಚಿಲ್ಲರೆ. ನೈಟ್ರೇಟ್ ಒಂದು ಸಲಕ್ಕೆ 20ರಿಂದ 18ಕ್ಕೆ ಬರುತ್ತದೆ. ಹೊಸದಾಗಿ ಸೇರುವುದನ್ನು ತಡೆದರೆ ನಾಲ್ಕು ವಾರದಲ್ಲಿ 13ರ ಹತ್ತಿರ. ಜೊವಾಂಥಸ್‌ಗೂ ಮಶ್ರೂಮಿಗೂ ಅದು ಚೆನ್ನಾಗಿಯೇ ಒಗ್ಗುತ್ತದೆ. ಇವೆಲ್ಲ ಮೆದು ಹವಳ. ನೀರು ತೀರಾ ತೊಳೆದಿಟ್ಟ ಹಾಗಿದ್ದರೆ ಅವು ಸೊರಗುತ್ತವೆ.

ಗಟ್ಟಿ ಹವಳಕ್ಕೆ ಕೈ ಹಾಕದೆ ಇದ್ದದ್ದು ಒಳ್ಳೆಯದಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಗೆ 2001ರಲ್ಲೇ ಗಟ್ಟಿ ಹವಳ, ಕಪ್ಪು ಹವಳ, ಸೀ ಫ್ಯಾನ್ ಎಲ್ಲ ಸೇರಿವೆ. ಹುಲಿಗೆ ಇರುವಷ್ಟೇ ರಕ್ಷಣೆ. ‘ಲೈವ್ ರಾಕ್’ ಅಂತ ನಮ್ಮ ಕಡಲಿಂದ ಕಿತ್ತ ಹವಳದ ಕಲ್ಲನ್ನು ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ಹವಳವಿರುವ ನೇತ್ರಾಣಿ ದ್ವೀಪದ ಬಳಿ ನೀರಿಗೆ ಇಳಿದವರಿಗೆ ಗೊತ್ತು, ಅದು ಎಷ್ಟು ಸಣ್ಣ ಜಾಗ ಅಂತ. ಅಲ್ಲಿಂದ ಒಂದು ಕಲ್ಲು ಬಂದರೂ ಜಾಸ್ತಿಯೇ.

ಹಾಗಾದರೆ ಸ್ಕಿಮ್ಮರ್ ಬೇಡವೇ? ನಿಮ್ಮ ಗಾತ್ರದ ಟ್ಯಾಂಕನ್ನು ಅದಿಲ್ಲದೆ ನಡೆಸಬಹುದು. ನಾನೂ ಮೂರು ವರ್ಷ ನಡೆಸಿದ್ದೇನೆ. ಆದರೂ ಎರಡು ಕಾರಣಕ್ಕೆ ಒಂದು ಚಿಕ್ಕದು ಇರಲಿ ಅನ್ನುತ್ತೇನೆ. ಮೊದಲನೆಯದು ಗಾಳಿ. ಏಪ್ರಿಲ್, ಮೇ ತಿಂಗಳಲ್ಲಿ ನೀರು ಬಿಸಿಯಾದರೆ ಅದರಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಆ ಎಣ್ಣೆ ಪದರವೂ ಮೇಲೆ ಮುಚ್ಚಿಕೊಂಡಿದ್ದರೆ ರಾತ್ರಿ ಹೊತ್ತು ಮೀನಿಗೆ ಉಸಿರು ಕಟ್ಟುತ್ತದೆ. ಸ್ಕಿಮ್ಮರ್ ದಿನಪೂರ್ತಿ ನೀರಿಗೆ ಗಾಳಿ ಬೆರೆಸುತ್ತಲೇ ಇರುತ್ತದೆ. ಎರಡನೆಯದು, ನೀವು ಊರಿಗೆ ಹೋದಾಗ ಮನೆಯವರು ಯಾರೋ ಪ್ರೀತಿಯಿಂದ ಒಂದು ಹಿಡಿ ಆಹಾರ ಜಾಸ್ತಿ ಹಾಕಿದರೆ, ಅದು ಕೊಳೆಯುವ ಮುಂಚೆ ಒಂದಿಷ್ಟಾದರೂ ಹೊರಗೆ ಹೋಗುತ್ತದೆ.

ದೊಡ್ಡದು ಯಾಕೆ ಬೇಡ? ನೊರೆ ನಿಲ್ಲಬೇಕಾದರೆ ನೀರಿನಲ್ಲಿ ಪದಾರ್ಥ ಇರಬೇಕು. ಎರಡು ಪುಟ್ಟ ಮೀನು, ಒಂದು ಸೀಗಡಿ ಮಾಡುವ ಗಲೀಜು ಎಷ್ಟು? 300 ಲೀಟರಿಗೆ ಮಾಡಿದ ಯಂತ್ರದ ದಪ್ಪ ಕತ್ತಿನಲ್ಲಿ ಆ ನೊರೆ ಮೇಲೇರಲು ಆಗದೆ ಒಡೆದು ಕೆಳಗೆ ಬೀಳುತ್ತದೆ. ಮೂರು ದಿನ ಕಪ್ ಒಣಗಿರುತ್ತದೆ, ನಾಲ್ಕನೇ ದಿನ ಇದ್ದಕ್ಕಿದ್ದಂತೆ ತುಂಬುತ್ತದೆ. ಇನ್ನೊಂದು ಅಪಾಯ, ಕೊಳೆಯುವ ಮುಂಚೆಯೇ ಎಲ್ಲ ಹೊರಗೆ ಹೋಗಿ ನೈಟ್ರೇಟ್ ಫಾಸ್ಫೇಟ್ ಎರಡೂ ಸೊನ್ನೆಗೆ ಇಳಿದ ಟ್ಯಾಂಕಿನಲ್ಲಿ ಡೈನೊ ಅನ್ನುವ ಲೋಳೆ ಪಾಚಿ ಎದ್ದರೆ ಅದನ್ನು ಓಡಿಸುವುದು ಬಹಳ ಕಷ್ಟ.

ಜಾಸ್ತಿ ದುಡ್ಡು ಕೊಟ್ಟರೆ ಜಾಸ್ತಿ ಕೊಳೆ ಬರುತ್ತದೆ ಅನ್ನುವುದೂ ಪೂರ್ತಿ ನಿಜವಲ್ಲ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಕೆನ್ ಫೆಲ್ಡ್‌ಮನ್ ಮತ್ತು ಅವರ ತಂಡ 2009ರ ಸುಮಾರಿಗೆ ಬೇರೆ ಬೇರೆ ಸ್ಕಿಮ್ಮರುಗಳನ್ನು ಅಳೆದು ನೋಡಿದರು. ನೀರಿನಲ್ಲಿರುವ ಒಟ್ಟು ಸಾವಯವ ಇಂಗಾಲದಲ್ಲಿ ಅವು ತೆಗೆದದ್ದು ಸುಮಾರು ಮೂರನೇ ಒಂದು ಭಾಗ, ಅಥವಾ ಅದಕ್ಕಿಂತಲೂ ಕಡಿಮೆ. ಒಂದಕ್ಕೂ ಇನ್ನೊಂದಕ್ಕೂ ಬೆಲೆಯಲ್ಲಿದ್ದಷ್ಟು ಅಂತರ ಕೆಲಸದಲ್ಲಿ ಕಾಣಲಿಲ್ಲ. ನಾನು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವಳು. ಆ ಬರಹ ಓದಿದ ದಿನ ನನಗೆ ಎಷ್ಟು ಸಮಾಧಾನ ಆಯಿತು ಗೊತ್ತಾ? ದುಡ್ಡಿಲ್ಲದವರ ಟ್ಯಾಂಕೂ ಚೆನ್ನಾಗಿ ಇರಬಹುದು ಅಂತ ಅಳತೆಯೇ ಹೇಳಿತ್ತು.

ಡಬ್ಬದ ಮೇಲಿನ ಲೀಟರ್ ಲೆಕ್ಕವನ್ನು ಹೀಗೆ ಓದಿ. ‘100 ಲೀಟರ್‌ವರೆಗೆ’ ಅಂದರೆ ಮೀನು ಕಡಿಮೆ ಇರುವ 100 ಲೀಟರ್. ನಿಜವಾದ ನೀರಿನ ಎರಡರಷ್ಟು ಬರೆದಿದ್ದರೆ ಸರಿಯಾದ ಗಾತ್ರ. ನಿಮ್ಮ 55ಕ್ಕೆ 100ರದ್ದು ಹೇಳಿ ಮಾಡಿಸಿದಂತಿದೆ.

ಸಂಪ್ ಇಲ್ಲದಿದ್ದರೆ ಮೂರು ದಾರಿ. ಏರ್ ಪಂಪಿನ ಕೊಳವೆ ತುದಿಗೆ ಮರದ ತುಂಡು ಸಿಕ್ಕಿಸಿದ ಸ್ಕಿಮ್ಮರನ್ನು ಟ್ಯಾಂಕಿನ ಒಳಗೆ ನಿಲ್ಲಿಸುವುದು ಎಲ್ಲಕ್ಕಿಂತ ಅಗ್ಗ. 2014ರಲ್ಲಿ ನನ್ನ ಮೊದಲನೆಯದು ಅದೇ. ಮರದ ಸೂಕ್ಷ್ಮ ರಂಧ್ರಗಳಿಂದ ಹೊಗೆಯ ಹಾಗೆ ಗುಳ್ಳೆ ಬರುತ್ತಿತ್ತು, ನೋಡಲು ಬಹಳ ಚೆಂದ. ಮೂರು ನಾಲ್ಕು ವಾರಕ್ಕೆ ರಂಧ್ರ ಕಟ್ಟಿಕೊಂಡು ಗುಳ್ಳೆ ದಪ್ಪಗಾಗುತ್ತಿತ್ತು, ನೊರೆ ಕುಸಿಯುತ್ತಿತ್ತು. ತಿಂಗಳಿಗೊಂದು ತುಂಡು ಬದಲಿಸಲೇಬೇಕು. ಆ ತುಂಡು ನಮ್ಮೂರಲ್ಲಿ ಸಿಗುತ್ತಿರಲಿಲ್ಲ. 30, 40 ಲೀಟರಿನ ಟ್ಯಾಂಕಿಗೆ ಈಗಲೂ ಅದು ಸಾಕು, ತುಂಡು ಸಿಗುವ ಊರಾದರೆ.

ಎರಡನೆಯದು ಟ್ಯಾಂಕಿನ ಒಳಗೇ ಗಾಜಿಗೆ ಅಂಟಿಸುವುದು. ಜರ್ಮನಿಯ ಟುಂಜೆಯ 9001 ಈ ಜಾತಿಯದ್ದು. ಆಯಸ್ಕಾಂತದಲ್ಲಿ ಹಿಡಿದುಕೊಳ್ಳುತ್ತದೆ, ನೀರನ್ನು ಮೇಲಿನ ಪದರದಿಂದಲೇ ಎಳೆಯುತ್ತದೆ. ಬಹಳ ಒಳ್ಳೆಯದು, ಆದರೆ ಹೊಸದು ನಿಮ್ಮ ಆರು ಸಾವಿರಕ್ಕೆ ಸಿಗುವುದಿಲ್ಲ. ಯಾರಾದರೂ ಟ್ಯಾಂಕ್ ಮುಚ್ಚುವವರಿಂದ ಹಳೆಯದು ಸಿಕ್ಕರೆ ಬಿಡಬೇಡಿ. ಹಳೆಯದು ಕೊಳ್ಳುವಾಗ ಪಂಪ್ ಬಿಚ್ಚಿಸಿ ಒಳಗಿನ ಆಯಸ್ಕಾಂತ ನೋಡಿ. ಊದಿಕೊಂಡಿದ್ದರೆ, ತುಕ್ಕಿನ ಬಣ್ಣ ಕಂಡರೆ ಬೇಡ. ಬರೀ ಸುಣ್ಣ ಕಟ್ಟಿದ್ದರೆ ವಿನೆಗರ್ ಬೆರೆಸಿದ ನೀರಲ್ಲಿ ಒಂದು ರಾತ್ರಿ ನೆನೆಹಾಕಿದರೆ ಹೊಸದರಂತಾಗುತ್ತದೆ.

ಮೂರನೆಯದು ಹಿಂದಿನ ಗಾಜಿಗೆ ನೇತುಹಾಕುವುದು. ನಿಮಗೆ ತೋರಿಸಿದ 4,500ದ್ದು ಇದೇ. ಬಬಲ್ ಮ್ಯಾಗಸ್‌ನ ಕ್ಯೂಕ್ಯೂ ಇಂಥದ್ದೇ ಪುಟ್ಟ ಮಾದರಿ. ಕೊಳ್ಳುವ ಮೊದಲು ಮನೆಯಲ್ಲಿ ಟೇಪ್ ಹಿಡಿದು ಗೋಡೆಗೂ ಟ್ಯಾಂಕಿಗೂ ನಡುವೆ ಎಷ್ಟು ಜಾಗ ಇದೆ ಅಳೆಯಿರಿ. ಕಪ್ ಮೇಲಕ್ಕೆ ಎತ್ತಿ ತೆಗೆಯಬೇಕು, ಅಲ್ಲಿ ಲೈಟಿನ ಕಂಬಿ ಅಡ್ಡ ಬರುತ್ತದಾ ನೋಡಿ. ಕಪ್ ತೆಗೆಯಲು ಕಷ್ಟವಾದರೆ ನೀವು ತೊಳೆಯುವುದೇ ಇಲ್ಲ.

ಅಂಗಡಿಯಲ್ಲಿ ಓಡಿಸಿ ತೋರಿಸಿ ಅನ್ನಿ. ಉಪ್ಪುನೀರಲ್ಲೇ ಓಡಿಸಬೇಕು. ಒಳಗೆ ನೀರು ಹಾಲಿನಂತೆ ಬೆಳ್ಳಗೆ ಕಾಣಬೇಕು. ಗುಳ್ಳೆಗಳನ್ನು ಒಂದೊಂದಾಗಿ ಎಣಿಸುವ ಹಾಗಿದ್ದರೆ ಅದು ಬೇಡ. ಗಾಳಿ ಎಳೆಯುವ ಕೊಳವೆಯ ಬಾಯಿಗೆ ಬೆರಳಿಡಿ. ಬೆರಳನ್ನು ಹಿಡಿದೆಳೆಯಬೇಕು, ತೆಗೆದ ಕೂಡಲೇ ಗುಳ್ಳೆ ಮತ್ತೆ ತುಂಬಬೇಕು. ಪಂಪಿನ ಒಳಗಿನ ಚಕ್ರಕ್ಕೆ ಸೂಜಿ ಸೂಜಿಯಂತೆ ಹಲ್ಲುಗಳಿರುತ್ತವೆ, ನೀಡಲ್ ವೀಲ್ ಅಂತಾರೆ. ಗಾಳಿಯನ್ನು ಕತ್ತರಿಸಿ ಪುಡಿ ಮಾಡುವುದು ಅದೇ. ಆ ಚಕ್ರ ಬಿಡಿಯಾಗಿ ಸಿಗುತ್ತದಾ ಅಂತ ಬಾಯಿಬಿಟ್ಟು ಕೇಳಿ. ಸಿಗುವುದಿಲ್ಲ ಅಂದರೆ ಆ 4,500 ಎರಡು ವರ್ಷದ ಬಾಡಿಗೆ ಇದ್ದ ಹಾಗೆ. ಗಾಳಿಗೊಂದು ತಿರುಪು, ಒಳಗಿನ ನೀರಿನ ಮಟ್ಟಕ್ಕೊಂದು ತಿರುಪು ಇರಬೇಕು. ನೀರು ಎಳೆಯುವ ಬಾಯಿ ಮೇಲ್ಮೈ ಮಟ್ಟಕ್ಕೆ ಬರುವಂತಿದ್ದರೆ ನಿಮ್ಮ ಎಣ್ಣೆ ಪದರಕ್ಕೂ ಅದೇ ಪರಿಹಾರ. ಅಲ್ಲಿಯವರೆಗೆ ವೇವ್‌ಮೇಕರ್ (ಟ್ಯಾಂಕಿನೊಳಗೆ ನೀರು ಓಡಾಡಿಸುವ ಪಂಪ್) ಮುಖವನ್ನು ಸ್ವಲ್ಪ ಮೇಲಕ್ಕೆ ತಿರುಗಿಸಿ ನೀರಿನ ಮೇಲ್ಮೈ ಅಲುಗಾಡಿಸಿ. ಫ್ರೋಜನ್ ಆಹಾರ ಕರಗಿಸಿದ ನೀರನ್ನು ಟ್ಯಾಂಕಿಗೆ ಸುರಿಯಬೇಡಿ. ಚಹಾ ಸೋಸುವ ಜಾಲರಿಯಲ್ಲಿ ತೊಳೆದು ಹಾಕಿ.

ಕರೆಂಟ್ ಖರ್ಚು ಹೆದರುವಂಥದ್ದಲ್ಲ. 5 ವ್ಯಾಟ್ ಪಂಪ್ ತಿಂಗಳಿಗೆ ನಾಲ್ಕು ಯೂನಿಟ್ಟೂ ಮುಟ್ಟುವುದಿಲ್ಲ. ಸ್ಕ್ವೇರ್ ವೇವ್ ಇನ್ವರ್ಟರ್ ಇದ್ದರೆ ಅದರಲ್ಲಿ ಪಂಪ್ ಗುಂಯ್‌ಗುಡುತ್ತದೆ, ಬಿಸಿಯೂ ಆಗುತ್ತದೆ. ಅಂಥ ಮನೆಯಲ್ಲಿ ಸ್ಕಿಮ್ಮರನ್ನು ಇನ್ವರ್ಟರ್ ಲೈನಿಗೆ ಕೊಡಬೇಡಿ. ಕರೆಂಟ್ ಹೋದಾಗ ಬ್ಯಾಟರಿ ಏರ್ ಪಂಪ್ ಸಾಕು.

ಒಂದು ಘಟನೆ ಹೇಳಲೇಬೇಕು, ನಿಮಗೆ ಹಾಗಾಗದಿರಲಿ ಅಂತ. 2017ರ ಜುಲೈ. ಸಂಜೆ ಒಂದು ಮಶ್ರೂಮ್ ಕಲ್ಲನ್ನು ಎಪಾಕ್ಸಿ ಪುಟ್ಟಿಯಲ್ಲಿ ಅಂಟಿಸಿದೆ. ಕೈ ತೊಳೆದು ಮಲಗಿದೆ. ಬೆಳಿಗ್ಗೆ ನೆಲದ ಮೇಲೆ ಕಾಲಿಟ್ಟರೆ ಒದ್ದೆ, ಅಂಟು. ಆ ಪುಟ್ಟಿಯಿಂದ ಬಿಟ್ಟ ಪದಾರ್ಥಕ್ಕೆ ಸ್ಕಿಮ್ಮರ್ ಹುಚ್ಚೆದ್ದು ನೊರೆ ಕಾರಿತ್ತು. ಕಪ್ ತುಂಬಿ, ಉಕ್ಕಿ, ಗೋಡೆಯ ಗುಂಟ ಇಳಿದಿತ್ತು. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಆವಿಯಾದ ನೀರನ್ನು ತಾನೇ ತುಂಬುವ ಸಾಧನ ಇಟ್ಟಿದ್ದೆ. ಉಪ್ಪುನೀರು ಹೊರಗೆ ಹೋದಷ್ಟೂ ಅದು ಸಿಹಿನೀರು ಸುರಿದಿತ್ತು. ಎಂಟು ಲೀಟರಿನ ಕ್ಯಾನ್ ಖಾಲಿ. 1.025 ಇದ್ದ ಸಾಂದ್ರತೆ 1.021ಕ್ಕೆ ಇಳಿದಿತ್ತು. ಹವಳಗಳೆಲ್ಲ ಮುದುಡಿ ಗುಂಡಿಯಷ್ಟಾಗಿದ್ದವು. ಉಪ್ಪನ್ನು ಮೂರು ದಿನದಲ್ಲಿ ನಿಧಾನ ಏರಿಸಿದೆ, ಬದುಕಿದವು. ಅಂದಿನಿಂದ ಪುಟ್ಟಿ ಬಳಸಿದ ದಿನ ಸ್ಕಿಮ್ಮರ್ ಆಫ್. ಮೀನಿನ ಮೈಗೆ ಲೋಳೆ ಕೊಡುತ್ತದೆ ಎನ್ನುವ ವಾಟರ್ ಕಂಡೀಷನರ್ ಹಾಕಿದ ದಿನವೂ, ಔಷಧಿ ಹಾಕಿದ ದಿನವೂ ಆಫ್, ಬದಲಿಗೆ ಏರ್ ಸ್ಟೋನ್. ತುಂಬುವ ಕ್ಯಾನಿನಲ್ಲಿ ಈಗ ಎರಡು ಲೀಟರಿಗಿಂತ ಜಾಸ್ತಿ ನೀರು ಇಡುವುದಿಲ್ಲ.

ನಿಮ್ಮ ದುಡ್ಡಿನ ವಿಷಯಕ್ಕೆ ಬಂದರೆ, ಈ ತಿಂಗಳು ಮೀಟರ್, ರೆಸಿನ್, ಉಪ್ಪು. ಎರಡು ತಿಂಗಳು ವಾರ ತಪ್ಪದೆ ನೀರು ಬದಲಿಸಿ. ಆಮೇಲೆ ಉಳಿದ ದುಡ್ಡಿಗೆ ಇನ್ನಷ್ಟು ಸೇರಿಸಿ ಆ 4,500ದ್ದನ್ನೇ, ಓಡಿಸಿ ನೋಡಿ, ತನ್ನಿ. ಏಪ್ರಿಲ್ ಬರುವುದರೊಳಗೆ ತಂದರೆ ಒಳ್ಳೆಯದು.

ಪ್ರಶ್ನೆ: ಹೊಸ ಸ್ಕಿಮ್ಮರ್ ಹಾಕಿ ಹನ್ನೆರಡು ದಿನ ಆತು. ಕಪ್ಪಿನೊಳಗ ಏನೂ ಬಂದಿಲ್ಲ. ಟ್ಯಾಂಕ್ ತುಂಬ ಸಣ್ಣ ಗುಳ್ಳಿ ಮಾತ್ರ. ಕೆಟ್ಟದ್ದು ಕೊಟ್ಟಾರೇನು? ವಾಪಸ್ ಕೊಡ್ಲಾ? ಹುಬ್ಬಳ್ಳಿಯಿಂದ.

ಉತ್ತರ: ಇನ್ನೊಂದು ವಾರ ತಡೆಯಿರಿ. ಹೊಸ ಪ್ಲಾಸ್ಟಿಕ್ಕಿನ ಮೈಮೇಲೆ ಕಾರ್ಖಾನೆಯ ಜಿಡ್ಡು ಇರುತ್ತದೆ. ಜಿಡ್ಡು ನೊರೆಯನ್ನು ಒಡೆಯುತ್ತದೆ. ಒಳಗೋಡೆಗೆ ತೆಳುವಾದ ಲೋಳೆ ಪದರ ಕಟ್ಟಿಕೊಂಡ ಮೇಲೆ ನೊರೆ ಹತ್ತಲು ಶುರುವಾಗುತ್ತದೆ. ಒಂದು ವಾರದಿಂದ ಎರಡು ವಾರ ಹಿಡಿಯುವುದು ಸಾಮಾನ್ಯ. ಟ್ಯಾಂಕಿನಲ್ಲಿ ತೇಲುವ ಸಣ್ಣ ಗುಳ್ಳೆಯೂ ಆಗ ಕಡಿಮೆಯಾಗುತ್ತದೆ. ನೀರು ವಾಪಸ್ ಬರುವ ಬಾಯಿಗೆ ಒಂದು ತುಂಡು ಸ್ಪಂಜ್ ಇಟ್ಟು ನೋಡಿ. ಸ್ಪಂಜನ್ನು ಎರಡು ದಿನಕ್ಕೊಮ್ಮೆ ತೊಳೆಯಬೇಕು ಅಷ್ಟೇ.

ಈ ನಡುವೆ ತಿರುಪನ್ನು ದಿನಕ್ಕೆ ಹತ್ತು ಸಲ ತಿರುಗಿಸಬೇಡಿ. ಗಾಳಿಯನ್ನು ಪೂರ್ತಿ ತೆರೆದಿಡಿ. ನೀರಿನ ಮಟ್ಟದ ತಿರುಪನ್ನು ಕೂದಲೆಳೆಯಷ್ಟು ಆಡಿಸಿ, ಗುಳ್ಳೆ ಮತ್ತು ನೊರೆ ಕೂಡುವ ಗೆರೆ ಕಪ್ಪಿನ ಕತ್ತಿನ ಬುಡಕ್ಕೆ ಬರಲಿ. ಆಮೇಲೆ ಒಂದು ದಿನ ಪೂರ್ತಿ ಬಿಡಿ. ಕಪ್ಪಿನಲ್ಲಿ ಬರೀ ತಿಳಿ ನೀರು ಬಂದರೆ ಮಟ್ಟ ಜಾಸ್ತಿಯಾಯಿತು. ತಿಳಿ ಚಹಾದ ಬಣ್ಣದಿಂದ ಕಾಫಿ ಡಿಕಾಕ್ಷನ್ನಿನ ಬಣ್ಣದವರೆಗೆ ಯಾವುದಾದರೂ ಸರಿ. ಚಿಕ್ಕ ಟ್ಯಾಂಕಿಗೆ ನನಗೆ ಇಷ್ಟ ಡಿಕಾಕ್ಷನ್ನಿನ ಬಣ್ಣ. ಉಪ್ಪುನೀರು ಸುಮ್ನೆ ಹೊರಗೆ ಹೋಗುವುದಿಲ್ಲ.

ಟ್ಯಾಂಕಿನ ನೀರು ಅರ್ಧ ಇಂಚು ಇಳಿದರೂ ಈ ಗೆರೆ ಬದಲಾಗುತ್ತದೆ. ಹುಬ್ಬಳ್ಳಿಯ ಬೇಸಿಗೆಯಲ್ಲಿ ನೀರು ಬೇಗ ಆರುತ್ತದೆ, ದಿನಾ ಬೆಳಿಗ್ಗೆ ಅದೇ ಗುರುತಿಗೆ ಸಿಹಿನೀರು ತುಂಬಿ. ನೊರೆ ಶುರುವಾದ ಮೇಲೆ ಕತ್ತಿನ ಒಳಗೆ ಕಂದು ಕೆನೆ ಉಂಗುರದಂತೆ ಕಟ್ಟುತ್ತದೆ. ಎರಡು ಮೂರು ದಿನಕ್ಕೊಮ್ಮೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ, ಬರೀ ನೀರಲ್ಲಿ ತೊಳೆಯಿರಿ. ಸೋಪು ಬೇಡ. ಟ್ಯಾಂಕಿಗೆ ಕೈ ಹಾಕಿದ ಮೇಲೆ, ಮೀನಿಗೆ ಊಟ ಹಾಕಿದ ಮೇಲೆ ಒಂದೆರಡು ಗಂಟೆ ನೊರೆ ಕುಸಿದರೆ ಗಾಬರಿ ಆಗಬೇಡಿ. ಅದು ಕೈಯ ಜಿಡ್ಡು, ಆಹಾರದ ಎಣ್ಣೆ.

ಪ್ರಶ್ನೆ: ನನ್ನ ಗಪ್ಪಿ ಟ್ಯಾಂಕಿಗೂ ಸ್ಕಿಮ್ಮರ್ ಹಾಕಿದರೆ ನೀರು ಬದಲಿಸುವುದು ತಪ್ಪುತ್ತದಾ? ದಾವಣಗೆರೆಯಿಂದ.

ಉತ್ತರ: ತಪ್ಪುವುದಿಲ್ಲ. ಸಿಹಿನೀರಿನಲ್ಲಿ ಈ ಯಂತ್ರ ನಡೆಯುವುದಿಲ್ಲ. ಸಣ್ಣ ಗುಳ್ಳೆಗಳು ಒಂದಕ್ಕೊಂದು ತಾಗಿದ ಕೂಡಲೇ ಸೇರಿ ದೊಡ್ಡದಾಗಿ ಒಡೆದುಹೋಗುತ್ತವೆ. ಆ ದುಡ್ಡಿಗೆ ಒಂದು ಸ್ಪಂಜ್ ಫಿಲ್ಟರ್, ಒಂದಿಷ್ಟು ನೀರಿನ ಗಿಡ ತನ್ನಿ.

ಪ್ರಶ್ನೆ: ಮೇಡಂ, ನಾನು ಪುತ್ತೂರಿನಲ್ಲಿ ಹತ್ತನೇ ಕ್ಲಾಸು. ಬಾಟಲಿಯಲ್ಲಿ ಸ್ಕಿಮ್ಮರ್ ಮಾಡಬಹುದಾ? ವಿಜ್ಞಾನ ಮೇಳಕ್ಕೆ ಇಡಬೇಕು ಅಂತ ಆಸೆ.

ಉತ್ತರ: ಮಾಡಬಹುದು ಮಗಾ, ಮಾಡಲೇಬೇಕು. ಎರಡು ಲೀಟರಿನ ಎರಡು ಪಾರದರ್ಶಕ ಬಾಟಲಿ ತಗೋ. ಎರಡರಲ್ಲೂ ಕತ್ತಿಗಿಂತ ನಾಲ್ಕು ಬೆರಳು ಕೆಳಗಿನವರೆಗೆ ನೀರು ತುಂಬು. ಒಂದಕ್ಕೆ ಮಾತ್ರ ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಅಡುಗೆ ಉಪ್ಪು ಹಾಕಿ ಕರಗಿಸು. ಇದು ಬಾಟಲಿಯ ಪ್ರಯೋಗಕ್ಕೆ ಮಾತ್ರ, ಮೀನಿರುವ ಟ್ಯಾಂಕಿಗೆ ಅಡುಗೆ ಉಪ್ಪು ಬೇಡ. ಎರಡಕ್ಕೂ ಒಂದೇ ಥರದ, ಆದಷ್ಟು ಸಣ್ಣ ಗುಳ್ಳೆ ಬಿಡುವ ಏರ್ ಸ್ಟೋನ್ ಇಳಿಬಿಡು. ಎರಡು ಬಾಯಿಯ ಏರ್ ಪಂಪ್ ಆದರೆ ಒಳ್ಳೆಯದು. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡು, ಇಲ್ಲದಿದ್ದರೆ ಕರೆಂಟ್ ಹೋದಾಗ ನೀರು ಕೊಳವೆಯಲ್ಲಿ ಹಿಂದಕ್ಕೆ ಬಂದು ಪಂಪಿಗೆ ಇಳಿಯುತ್ತದೆ. ಪ್ಲಗ್ ಹಾಕುವಾಗ ಮನೆಯಲ್ಲಿ ದೊಡ್ಡವರು ಯಾರಾದರೂ ಹತ್ತಿರ ಇರಲಿ.

ಗಾಳಿ ಬಿಟ್ಟ ಕೂಡಲೇ ವ್ಯತ್ಯಾಸ ಕಾಣುತ್ತದೆ. ಸಿಹಿನೀರಿನ ಬಾಟಲಿಯಲ್ಲಿ ದಪ್ಪ ಗುಳ್ಳೆ, ಅದರ ಆಚೆ ಇಟ್ಟ ಪುಸ್ತಕದ ಅಕ್ಷರ ಓದಬಹುದು. ಉಪ್ಪುನೀರಿನದ್ದು ಮಜ್ಜಿಗೆಯ ಹಾಗೆ ಮಬ್ಬಾಗುತ್ತದೆ. ಈಗ ಉಪ್ಪಿನ ಬಾಟಲಿಗೆ ಒಂದು ಚಮಚ ಬೇಳೆ ಕಟ್ಟು ಹಾಕು, ಒಗ್ಗರಣೆ ಹಾಕದ್ದು. ಒಗ್ಗರಣೆಯ ಎಣ್ಣೆ ನೊರೆ ಒಡೆಯುತ್ತದೆ. ಸ್ವಲ್ಪ ಹೊತ್ತಿನಲ್ಲಿ ನೊರೆ ಕತ್ತಿನೊಳಗೆ ಮೆಲ್ಲಗೆ ಏರುವುದು ಕಾಣುತ್ತದೆ. ಏರದಿದ್ದರೆ ಇನ್ನೊಂದು ಚಮಚ ಹಾಕು. ಕತ್ತಿನ ಸುತ್ತ ಒಂದು ಅಗಲದ ಡಬ್ಬಿಯನ್ನು ತಳ ಕೊರೆದು ಬಿಗಿಯಾಗಿ ಕೂರಿಸಿದರೆ ಉಕ್ಕಿದ ನೊರೆ ಅದರಲ್ಲಿ ಬೀಳುತ್ತದೆ. ಅದೇ ನಿನ್ನ ಕಪ್. ಅದರಲ್ಲಿ ಸೇರಿದ ನೀರನ್ನು ಒಂದು ಗಾಜಿನ ಲೋಟಕ್ಕೆ, ಬಾಟಲಿಯ ನೀರನ್ನು ಇನ್ನೊಂದಕ್ಕೆ ಹಾಕಿ ಪಕ್ಕಪಕ್ಕ ಇಟ್ಟು ಬಂದವರಿಗೆ ತೋರಿಸು. ಫೋಟೋ ತೆಗೆದು ನನಗೂ ಕಳಿಸು.